ಐದನೇ ಫೋನಿಗೆ ಹಾಕಿದ ಸ್ವಿಚ್

ಕೇಬಲ್ ರಿಪೇರಿಯ ಮಂಜಣ್ಣ ಇನ್ನೂ ಕಂಬದ ಮೇಲೆಯೇ ಇದ್ದಾರೆ ಎಂದು ನೆನಪಾದದ್ದು ನಾನು ಸ್ವಿಚ್ ಹಾಕಿದ ಮೇಲೆ.

ಬಸ್ತಿಹಳ್ಳಿಯ ನಮ್ಮ ಬೀದಿಯ ಕಂಬದ ಮೇಲಿರುವ ಕೇಬಲ್ ಟಿವಿ ಪೆಟ್ಟಿಗೆಗೆ ಕರೆಂಟು ಹೋಗುವುದು ನಮ್ಮ ಮನೆಯಿಂದ. ಸಿಗ್ನಲ್ ಇದೆಯೋ ಇಲ್ಲವೋ ಎಂದು ಅರಸೀಕೆರೆಯ ಆಫೀಸಿಗೆ ತಿಳಿಸುವ ಹೊಸ ಯಂತ್ರವೊಂದನ್ನು ಅದರೊಳಗೆ ಕೂರಿಸಿದ್ದಾರೆ. ಟಿವಿ ಚೆನ್ನಾಗಿ ಬರುತ್ತಿದ್ದರೂ ಅದು ಮೂರು ದಿನದಿಂದ ಸಿಗ್ನಲ್ ಇಲ್ಲವೆಂದೇ ತೋರಿಸುತ್ತಿತ್ತು. ಮಂಜಣ್ಣ ನಮ್ಮ ಮನೆಯೊಳಗಿನ ಅದರ ಸ್ವಿಚ್ ಆರಿಸಲು ನನಗೆ ಹೇಳಿ ರಿಪೇರಿಗೆ ಕಂಬ ಹತ್ತಿದರು. ಆಫೀಸಿನಿಂದ ಫೋನಿನ ಮೇಲೆ ಫೋನು.

"ಮೇಡಂ, ಈಗ ಮಿಷನ್ನೇ ಆಫ್ ಆಗೈತೆ. ಒಂದ್ಸಲ ಸ್ವಿಚ್ ಹಾಕಿ ನೋಡಿ."

ರಿಪೇರಿ ನಡೆಯುತ್ತಿದೆ ಎಂದು ನಾಲ್ಕು ಸಲ ಹೇಳಿದೆ. ಐದನೇ ಸಲ ರೋಸಿಹೋಗಿ, ಇವರ ಕಾಟ ತಪ್ಪಿದರೆ ಸಾಕೆಂದು ಹಾಕಿಬಿಟ್ಟೆ.

ಹೊರಗೆ ಓಡಿದೆ. ಮಂಜಣ್ಣ ಪೆಟ್ಟಿಗೆಯೊಳಗೆ ಕೈಯಿಟ್ಟು ಕೆಲಸ ಮಾಡುತ್ತಲೇ ಇದ್ದರು. ತೊದಲುತ್ತಾ ನಡೆದದ್ದನ್ನು ಹೇಳಿದೆ. ಅವರು ಅಂಗಿಯ ಜೇಬಿನಿಂದ ಕಂಬದ ಬುಡದ ಫ್ಯೂಸ್ ತೆಗೆದು ತೋರಿಸಿದರು.

"ಇದನ್ನ ಕಿತ್ತು ಜೇಬಿಗೆ ಹಾಕ್ಕೊಂಡೇ ನಾನು ಹತ್ತೋದು ಕಣಕ್ಕ. ನಿಮ್ಮನ್ನ ನಂಬಲ್ಲ ಅಂತಲ್ಲ, ಆ ಆಫೀಸ್ನೋರು ಸುಮ್ನಿರಕಿಲ್ಲ."

ಯಂತ್ರ ಅಂದೇ ಸರಿಹೋಯಿತು. ಆಫೀಸಿನವರ ಮೇಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ. ಆದರೆ ಎಷ್ಟು ಸಿಟ್ಟು ಮಾಡಿಕೊಂಡರೂ, ಅಂದು ಸ್ವಿಚ್ ಒತ್ತಿದ ಬೆರಳು ನನ್ನದೇ.