ಒಂದು ಕೆನ್ನೆಗಿಂತ ಕಡಿಮೆ ನೀರು

ಕೊರೊನಾದ ಎರಡನೇ ವರ್ಷ, ಪೆಟಾಲಿಂಗ್ ಜಯಾದ ನಮ್ಮ ಫ್ಲ್ಯಾಟಿನ ಎದುರು ಮನೆಯ ಆಂಟಿ ಒಂದು ಮಧ್ಯಾಹ್ನ ಬಾಯಿ ತುಂಬ ನೀರು ತುಂಬಿಕೊಂಡು, ಅದನ್ನು ಗಾಜಿನ ಲೋಟಕ್ಕೆ ಉಗಿದು, ನೀರು ನಿಂತಲ್ಲಿಗೆ ಪೆನ್ನಿನಿಂದ ಗೆರೆ ಎಳೆದರು. ನಾನು ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುವ ಡಾಕ್ಟರು. ಇಂಥ ಅಳತೆಯನ್ನು ಯಾವ ಪುಸ್ತಕದಲ್ಲೂ ಕಂಡಿರಲಿಲ್ಲ.

ಆಂಟಿ ಕೊಚ್ಚಿಯ ಯಹೂದಿ. ಮದುವೆಯಾಗಿ ಮಲೇಷ್ಯಾಕ್ಕೆ ಬಂದವರು, ಗಂಡ ತೀರಿಕೊಂಡ ಮೇಲೂ ಇಲ್ಲೇ ಉಳಿದರು. ಮರುದಿನ ಸೂರ್ಯ ಮುಳುಗುವಾಗಿನಿಂದ ಅದರ ಮಾರನೆಯ ದಿನ ಕತ್ತಲಾಗುವವರೆಗೆ ಅವರ ದೊಡ್ಡ ಉಪವಾಸ. ತೊಟ್ಟು ನೀರೂ ಕೂಡದು. ಅವರ ಮೂತ್ರಪಿಂಡದಲ್ಲಿ ಕಲ್ಲುಗಳಿದ್ದವು. ನೀರು ಬಿಡುವ ಮಾತೇ ಬೇಡ ಎಂದು ನಾನು ಗದರಿಸಿದ್ದೆ. ಅವರು ನಕ್ಕು, ಕಾಯಿಲೆಯವರಿಗೆ ದಾರಿ ಇದೆ ಎಂದರು. ಬಾಯಿ ತುಂಬಿದ ನೀರಿನಲ್ಲಿ ಅರ್ಧ ಎಂದರೆ ಒಂದು ಕೆನ್ನೆ. ಅದಕ್ಕಿಂತ ತುಸು ಕಡಿಮೆ, ಒಂಬತ್ತು ನಿಮಿಷಕ್ಕೊಮ್ಮೆ ಕುಡಿದರೆ ಉಪವಾಸ ಮುರಿದಂತಲ್ಲ. ಅಳೆಯಲು ಅವರವರ ಬಾಯಿಯೇ ಆಗಬೇಕು.

ಉಪವಾಸದ ದಿನ ಹೊತ್ತು ನೆನಪಿಸಲು ಅವರು ಕರೆದರೆಂದು ನಾನು ಮಾಸ್ಕ್ ಹಾಕಿಕೊಂಡು ಅವರ ಹೊಸ್ತಿಲ ಬಳಿ ಕುರ್ಚಿ ಹಾಕಿ ಕೂತೆ. ಗಡಿಯಾರ ಕಣ್ಣೆದುರೇ ಇರುವಾಗ ನಾನೇಕೆ ಎಂದು ಕೇಳಿದೆ.

"ಗಡಿಯಾರ ಕುಡಿ ಅಂತ ಹೇಳಲ್ಲ ಲಾ," ಎಂದರು, ಇಲ್ಲಿಯವರ ಹಾಗೆ ಮಾತಿನ ಕೊನೆಗೊಂದು ‘ಲಾ’ ಸೇರಿಸಿ. "ಇವತ್ತು ಫೋನ್ ಮುಟ್ಟಬಾರದು ಅಂತ ನಮ್ಮ ನೇಮ. ಸಿಡ್ನಿಯಲ್ಲಿರೋ ಮಗಳು ಮಾಡೋ ಹಾಗಿಲ್ಲ, ನಾನು ಎತ್ತೋ ಹಾಗೂ ಇಲ್ಲ."

ಸಂಜೆ ಮನೆಗೆ ಬರುವಷ್ಟರಲ್ಲಿ ಉಡುಪಿಯಿಂದ ಅಣ್ಣನ ಫೋನು. ನಾಳೆ ಏಕಾದಶಿ, ಅಮ್ಮ ನೀರೂ ಮುಟ್ಟುವುದಿಲ್ಲ ಎಂದು ಹಟ ಹಿಡಿದಿದ್ದಾರೆ. ಮೇ ತಿಂಗಳಲ್ಲಿ ಕೊರೊನಾ ಬಂದು ಹೋದ ಮೇಲೆ ಅಮ್ಮನ ಮೂತ್ರಪಿಂಡ ಅರ್ಧ ಕೆಲಸವನ್ನೂ ಮಾಡುತ್ತಿರಲಿಲ್ಲ. ಇನ್ನೊಮ್ಮೆ ನೀರು ಬಿಟ್ಟರೆ ಡಯಾಲಿಸಿಸ್ಸೇ ಗತಿ ಎಂದು ಅಲ್ಲಿಯ ಡಾಕ್ಟರು ಹೇಳಿದ್ದರು. ನಾನು ಹೋಗೋಣವೆಂದರೆ ಗಡಿ ಮುಚ್ಚಿತ್ತು. ಹಿಂದಿನ ಏಕಾದಶಿಗಳಲ್ಲಿ ಬೈದಿದ್ದೆ, ಅತ್ತಿದ್ದೆ, ರಿಪೋರ್ಟು ಓದಿ ಹೇಳಿದ್ದೆ. ಅಮ್ಮ ಜಗ್ಗಿರಲಿಲ್ಲ. ಈ ಸಲ ಏನೂ ತೋಚದೆ, ವಿಡಿಯೋದಲ್ಲಿ ಅಮ್ಮನನ್ನು ಕರೆಸಿ ಆಂಟಿಯ ಕಥೆ ಹೇಳಿದೆ.

"ಉಗಿದ ನೀರಾ?" ಅಮ್ಮ ಮುಖ ಸಿಂಡರಿಸಿದರು. "ಆ ಎಂಜಲಿನ ಅಳತೆ ನನಗೆ ಬೇಡ ಮಾರಾಯ್ತಿ. ನಮ್ಮಲ್ಲಿ ಆಚಮನ ಉಂಟಲ್ಲ, ಉದ್ದಿನಕಾಳು ಮುಳುಗುವಷ್ಟು. ಅದನ್ನೇ ಆಗಾಗ ಮಾಡಿದರೆ ಆಯ್ತು. ಆದರೆ ನೀನು ಎದುರು ಕೂತ್ಕೊಳ್ಬೇಕು," ಎಂದರು.

ಏಕಾದಶಿಯಂದು ದಿನವಿಡೀ ಆಚಮನ ಮಾಡಬಹುದೆಂದು ಯಾವ ಶಾಸ್ತ್ರವೂ ಹೇಳಿರಲಿಕ್ಕಿಲ್ಲ. ನಾನು ಕೇಳಲು ಹೋಗಲಿಲ್ಲ. ಕಾಲೇಜಿಗೆ ರಜೆ ಹಾಕಿದೆ.

ಅಲ್ಲಿ ಬೆಳಗ್ಗೆ ಆರು, ಇಲ್ಲಿ ಎಂಟೂವರೆ. ಅತ್ತಿಗೆ ದೇವರ ಕೋಣೆಯಲ್ಲಿ ಮೊಬೈಲನ್ನು ತಂಬಿಗೆಗೆ ಒರಗಿಸಿ ಇಟ್ಟರು. ಒಂಬತ್ತು ನಿಮಿಷಕ್ಕೊಮ್ಮೆ ನಾನು "ಅಮ್ಮಾ, ಹೊತ್ತಾಯ್ತು" ಅನ್ನುವುದು, ಅಮ್ಮ ಉದ್ಧರಣೆಯಿಂದ ಅಂಗೈಗೆ ಮೂರು ಸಲ ನೀರು ಬಿಟ್ಟುಕೊಂಡು ಕುಡಿಯುವುದು. ನಡುವಿನ ಒಂಬತ್ತು ನಿಮಿಷ ಮಾತು. ನನಗೆ ಟೈಫಾಯ್ಡ್ ಆದಾಗ ತಾನು ಎಲ್ಲಿ ಮಲಗುತ್ತಿದ್ದೆ, ಅಪ್ಪನಿಗೆ ಹೇಳದೆ ತಾನು ಯಾವ ಸಿನಿಮಾಕ್ಕೆ ಹೋಗಿದ್ದೆ, ಎಲ್ಲ ಹೇಳಿದರು. ಇಪ್ಪತ್ತು ವರ್ಷಗಳಲ್ಲಿ ನಾನು ಅಮ್ಮನೊಡನೆ ಒಂದೇ ಕಡೆ ಅಷ್ಟು ಹೊತ್ತು ಕೂತದ್ದಿರಲಿಲ್ಲ. ಊರಿಗೆ ಹೋದಾಗಲೆಲ್ಲ ಬ್ಯಾಂಕು, ಬ್ಲೌಸು, ಮದುವೆಮನೆ ಎಂದು ಓಡಾಡಿದವಳು ನಾನು.

ಮಧ್ಯಾಹ್ನದ ಹೊತ್ತಿಗೆ ಅಮ್ಮನ ಕೈ ನಡುಗತೊಡಗಿತು. ಅಂಗೈಯ ನೀರು ಬಾಯಿಗೆ ಹೋಗುವ ಮೊದಲೇ ಮಣಿಕಟ್ಟಿನಿಂದ ಇಳಿದು ಸೀರೆಯ ಮೇಲೆ ಬೀಳುತ್ತಿತ್ತು. ಒಳಗೆ ಹೋದದ್ದೆಷ್ಟು, ಚೆಲ್ಲಿದ್ದೆಷ್ಟು ಎಂದು ಅಂದಾಜು ಹಾಕುತ್ತಲೇ ಇದ್ದ ನನಗೆ ಒಮ್ಮೆಲೇ ಅಳು ಬಂತು. ಆ ಕೈಯ ಕೆಳಗೆ ನನ್ನ ಕೈ ಹಿಡಿದಿದ್ದರೆ ಸಾಕಿತ್ತು. ಒಂದು ಹನಿಯೂ ಚೆಲ್ಲುತ್ತಿರಲಿಲ್ಲ. ಅತ್ತಿಗೆಯನ್ನು ಕರೆದು ಹಿಡಿಸೋಣ ಎಂದೆ. ಅಮ್ಮ ಬೇಡ ಎಂದು ತಲೆಯಾಡಿಸಿ, ಮೂರರ ಬದಲು ಆರು ಸಲ ಬಿಟ್ಟುಕೊಂಡರು. ಅರ್ಧ ಚೆಲ್ಲುತ್ತದೆಂದು ಅವರಿಗೂ ಗೊತ್ತಿತ್ತು.

ಸಂಜೆಯ ಹೊತ್ತಿಗೆ ಮೂತ್ರ ಚೆನ್ನಾಗಿಯೇ ಹೋಗಿದೆ ಎಂದು ಅಣ್ಣ ಹೇಳಿದ. ಗೆದ್ದೆ ಅನ್ನಿಸಿತು. ದೀಪ ಹಚ್ಚಿ ಬಂದು ಅಮ್ಮ ಮೊಬೈಲನ್ನು ಮುಖದ ಹತ್ತಿರ ತಂದುಕೊಂಡರು.

"ನಾಳೆ ದ್ವಾದಶಿ. ನಾನೇ ಬೇಕಾದಷ್ಟು ನೀರು ಕುಡೀತೇನೆ," ಎಂದರು. "ನಾಳೆ ನೀನು ಕೂತ್ಕೊಳ್ಳಿಕ್ಕಿಲ್ಲ, ಅಲ್ಲ?"

ನಾಳೆ ಬೆಳಗ್ಗೆ ಎಂಟಕ್ಕೆ ಕ್ಲಾಸ್ ಇದೆ ಅಮ್ಮಾ, ಎಂದೆ.