ಪಂಪಿನ ಬೋಲ್ಟು, ಅಪ್ಪನ ಬಂದೂಕು

ಮೊನ್ನೆ ಶಹಾಪುರದ ಲೇತ್ ಅಂಗಡಿಯಲ್ಲಿ ಹೊಲಿಗೆ ಯಂತ್ರದ ತಿರುಪು ಸರಿಮಾಡಿಸುತ್ತ ನಿಂತಿದ್ದೆ. ಕೊರೆದ ಕಬ್ಬಿಣಕ್ಕೆ ಎಣ್ಣೆ ಬಿದ್ದ ವಾಸನೆ ಮೂಗಿಗೆ ಬಂತು ನೋಡಿ, ಸುರಪುರದ ಬಂದೂಕಿನ ಕಾಕಾ ಎದುರಿಗೇ ಬಂದು ಕೂತಂತಾಯಿತು…

ಕಾಕಾ ನಮ್ಮ ಓಣಿಯವನು. ಲೈಸೆನ್ಸ್ ಬಂದೂಕುಗಳ ರಿಪೇರಿ ಅವನ ಕಸುಬು. ಕಾಲುವೆಗೆ ನೀರು ಬಂದು ಅಪ್ಪ ಮೊದಲ ಸಲ ಭತ್ತ ಹಚ್ಚಿದ ವರ್ಷವದು. ತೆನೆ ತುಂಬುವ ಹೊತ್ತಿಗೆ ಹಂದಿಗಳ ಕಾಟ. ಅಜ್ಜನ ಕಾಲದ ವಿಲಾಯತಿ ಬಂದೂಕು ಹೊರತೆಗೆದರೆ, ನಳಿಗೆಯ ಹಿಂಬದಿ ಮುಚ್ಚುವ ತಿರುಪೇ ಇಲ್ಲ! ನಮ್ಮಪ್ಪ ಮಹಾ ಅವಸರದ ಮನುಷ್ಯ. ಪಂಪಿನ ಬೋಲ್ಟೊಂದನ್ನು ಪಾನಾ ಹಾಕಿ ತಿರುವಿ ಕೂರಿಸಿಯೇಬಿಟ್ಟ. ಪುಣ್ಯಕ್ಕೆ, ಎಣ್ಣೆ ಹಾಕಿಸಲೆಂದು ಕಾಕಾನ ಬಳಿ ಒಯ್ದ. ನಾನೂ ಜೊತೆಗಿದ್ದೆ.

ಕಾಕಾ ಬೋಲ್ಟಿನ ತಲೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. “ಅಣ್ಣಾ, ಇದು ಯಾರ್ ಹಾಕ್ಯಾರ?”

“ನಾನೇ. ಗಟ್ಟಿ ಕುಂತಾದಲ್ಲ?”

“ಗಟ್ಟಿ ಕುಂತಿಲ್ಲ ಯಪ್ಪಾ, ಸಿಗಿಬಿದ್ದಾದ. ಎರಡೇ ಆಟಿ ಹಿಡದಾವ. ಹಾರಿಸಿದ್ರ ಸೀದಾ ನಿನ್ನ ಕಣ್ಣಾಗೇ ಬರ್ತದ!”

ಆಟಿಯೆಂದರೆ ತಿರುಪಿನ ಸುರುಳಿ ಗೆರೆ. ನಾನು ಅಪ್ಪನ ಅಂಗಿ ಹಿಡಿದು ಹಿಂದಕ್ಕೆಳೆದೆ. ಅಪ್ಪ ಮಾತ್ರ, “ಸಂಜೀಕ ಹಂದಿ ಬರ್ತಾವ, ಕೊಡು ಇಲ್ಲಿ” ಎಂದು ಕೈಚಾಚಿದ. ಕಾಕಾ ನಳಿಗೆಯನ್ನು ಕಬ್ಬಿಣ ಕಚ್ಚಿಹಿಡಿಯುವ ವೈಸಿಗೆ ಬಿಗಿದು, ವೈಸಿನ ಹಿಡಿಕೆಯನ್ನೇ ಕಳಚಿ ತೊಡೆಯ ಕೆಳಗಿಟ್ಟುಕೊಂಡು ಕೂತ. “ಈಗ ಒಯ್ಯಿ ನೋಡಮು!”

ಬೋಲ್ಟು ಬಿಚ್ಚಿದರೆ ಒಳಗಿನ ಗೆರೆಗಳು ಜಜ್ಜಿಹೋಗಿದ್ದವು. ಬಂದೂಕಿನ ಆಟಿ ಹಳೆಯ ಅಳತೆಯದು, ಪಂಪಿನದು ಹೊಸತು. ಕಾಕಾ ಒಳಗೆರೆ ಕೊರೆಯುವ ಟ್ಯಾಪುಗಳನ್ನು ಡಬ್ಬಿಯಿಂದ ತೆಗೆದು, ಅಂಥದೇ ಬಂದೂಕಿನ ಹಳೇ ತಿರುಪಿಗೆ ಒಂದೊಂದಾಗಿ ಹಚ್ಚಿ ಬೆಳಕಿಗೆ ಹಿಡಿದ. ಹಲ್ಲಿಗೆ ಹಲ್ಲು ಕೂಡಿ ನಡುವೆ ಬೆಳಕು ಕಾಣದ್ದನ್ನೇ ಆರಿಸಿದ. ಕುಸುಬಿ ಎಣ್ಣೆ ಬಿಟ್ಟು ಅದನ್ನು ನಳಿಗೆಯೊಳಗೆ ಅರ್ಧ ಸುತ್ತು ಮುಂದೆ, ಒಂಚೂರು ಹಿಂದೆ… ಒತ್ತಾಯ ಮಾಡಿದರೆ ಟ್ಯಾಪು ಒಳಗೇ ಮುರಿದು ನಳಿಗೆ ಹಾಳು. ನಡುವೆ ಕಿರ್ರೆಂದು ನಿಂತೇಬಿಟ್ಟಿತು.

“ನನ್ನ ಒಗ್ಗರಣಿ ಎಣ್ಣೀನೂ ಬಂದೂಕೇ ಕುಡೀಲಿ!” ಒಳಗಿಂದ ಕಾಕಿ ಕೂಗಿದಳು.

“ಇನ್ನೊಂದೀಟು ತಾ,” ಎಂದ ಕಾಕಾ.

ಎಣ್ಣೆ ಇಳಿದ ಮೇಲೆ ಟ್ಯಾಪು ಮೆಲ್ಲಗೆ ಹಿಂದೆ ಸರಿಯಿತು, ಕಬ್ಬಿಣದ ಕರಿ ಚೂರು ಉದುರಿತು. ಅಬ್ಬಾ! ಆಮೇಲೆ ಸರಳಿಗೆ ಹೊರಗೆರೆ ಮೂಡಿಸುವ ಡೈ ಹಾಕಿ ಹೊಸ ತಿರುಪು ಕೊರೆದ. ಅದು ಬರಿಗೈಯಲ್ಲೇ ಕೊನೆತನಕ ಹೋಗಿ ಕೂತಿತು.

ಆ ಸಂಜೆ ಹೊಲದಲ್ಲಿ ಢಂ ಎಂದದ್ದೇ ತಡ, ಓಡಿಹೋಗಿ ಅಪ್ಪನ ಮುಖ ನೋಡಿದೆ. ನಗುತ್ತಿದ್ದ. ನಾನೋ ಗೊಳೋ ಎಂದು ಅತ್ತುಬಿಟ್ಟೆ.

ಕಾಕಾ ತೀರಿಕೊಂಡು ಬಹಳ ವರ್ಷವಾಯಿತು. ಮೊನ್ನೆ ಯಂತ್ರವನ್ನು ಮನೆಗೆ ತಂದು, ಸೂಜಿಗೆ ದಾರ ಏರಿಸಲಾಗದೆ ತಡವರಿಸುತ್ತಿದ್ದೆ. ಹೋದ ವರ್ಷ ಕಣ್ಣಿನ ಪೊರೆ ತೆಗೆಸಿಕೊಂಡ ಅಪ್ಪ, “ತಾ ಇಲ್ಲಿ” ಎಂದು ಕಸಿದುಕೊಂಡು ಒಂದೇ ಸಲಕ್ಕೆ ಏರಿಸಿದ. ಕಾಕಾ, ಬಾ, ನೀನು ಉಳಿಸಿದ ಕಣ್ಣು ಬಂದು ನೋಡು ಎಂದು ಕೂಗಬೇಕೆನಿಸಿತು… ಯಾರನ್ನು ಕೂಗಲಿ?