ಬಾಡಿಗೆಯವನು ಕೊಟ್ಟ ಕೆರೆ ಮೀನು

ಇವತ್ತಿನ ಕಥೆ ಕೇಳಿ ಸ್ನೇಹಿತರೇ. ಜರಗನಹಳ್ಳಿಯ ನಮ್ಮ ಮನೆಯ ಕೆಳಗಡೆ ಬಾಡಿಗೆಗಿರುವ ಮಲ್ಲಪ್ಪ ಬೆಳಿಗ್ಗೆ ಎರಡು ದೊಡ್ಡ ಮೀನು ಹಿಡಿದುಕೊಂಡು ಬಾಗಿಲಿಗೆ ಬಂದ. ಏಳು ತಿಂಗಳ ಬಸುರಿ ಸೊಸೆ ಆಸೆಯಿಂದ ಮಸಾಲೆ ರುಬ್ಬಲು ಹೊರಟಳು. ನಾನು ತಡೆದೆ.

"ಎಲ್ಲಿಂದ ತಂದ್ಯಪ್ಪ?"

"ಕನಕಪುರದ ಕಡೆಯಿಂದ ಆಂಟಿ. ಸಖತ್ ಫ್ರೆಶ್."

ಅವನ ಚಪ್ಪಲಿ ತುಂಬ ಕಪ್ಪು ಕೆಸರು. ಮಡಿಸಿದ ಪ್ಯಾಂಟಿನ ಕೆಳಗೆ ಕೆಂಪು ದದ್ದು, ನಿಂತಲ್ಲೇ ಕೆರೆದುಕೊಳ್ಳುತ್ತಿದ್ದ. ಮೋರಿ ನೀರು ಸೇರುವ ನಮ್ಮ ಕೆರೆಯ ವಾಸನೆ ನನಗೆ ಗೊತ್ತಾಗದೇ? ಆ ಕೆರೆಯ ಕೆಳಗೆ ಗದ್ದೆ ಮಾಡಿದ ಮನೆತನ ನಮ್ಮದು.

"ನಿಮ್ಮನೇಲೂ ಇವತ್ತು ಮೀನು ಸಾರೇನಪ್ಪ?"

"ಇಲ್ಲ ಆಂಟಿ, ಬೇಳೆ ಸಾರು. ನಾವು ಶನಿವಾರ ತಿನ್ನಲ್ಲ."

"ಇವತ್ತು ಭಾನುವಾರ ಕಣಪ್ಪ."

ಚಪ್ಪಲಿಯ ಕೆಸರನ್ನು ಮೆಟ್ಟಿಲಂಚಿಗೆ ಒರೆಸಿದ. ಆಮೇಲೆ, "ಟೈಮ್ ಪಾಸ್‌ಗೆ ಕೆರೇಲಿ ಗಾಳ ಹಾಕ್ತೀನಿ ಆಂಟಿ. ಮನೆ ಒಳಗೆ ತರಬೇಡಿ ಅಂತಾಳೆ ಹೆಂಡ್ತಿ. ಎಸೆಯೋಕೆ ಮನಸ್ಸು ಬರಲಿಲ್ಲ" ಅಂದ.

"ಮೊದಲು ಆ ಕಾಲನ್ನ ಡಾಕ್ಟರಿಗೆ ತೋರಿಸು" ಎಂದು ಗದರಿಸಿ ಕಳಿಸಿದೆ.

ಮೀನನ್ನು ಹಿತ್ತಲ ತೆಂಗಿನ ಬುಡದಲ್ಲಿ ಹೂಳಿಸಿದ್ದೇನೆ. ಇನ್ನು ಆ ಮರದ ಎಳನೀರನ್ನು ಸೊಸೆಗೆ ಕೊಡಬಹುದೋ ಬಾರದೋ ಎಂದು ಸಂಜೆಯಿಂದ ಅದೇ ಅನುಮಾನ.